ಮುದುಕಿಯ ಮೂರನೇ ಶಕ್ತಿ

ಅಕ್ಟೋಬರ್ 27, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಅಲಂಕರಿಸಲು ಜಾಗ ಸಿಗದೆ ಮೆಟ್ಟಿಲ ಮೇಲೆ ಕುಳಿತ ಅರ್ಧಗಣ್ಯರೇ, ಹಾಗೂ ಭಾಷಣ ಮುಗಿಯುವ ಮೊದಲೇ ಚಪ್ಪಲಿ ಹುಡುಕುತ್ತಿರುವ ಸಮಸ್ತ ಸಭಿಕರೇ,

ದೇವದುರ್ಗದ ಗದ್ದೆಪ್ಪನೆಂಬ ನಾನು, ವಯಸ್ಸು ನಲವತ್ತೈದು, ಬಿ.ಎ. ಕನ್ನಡ ಮಾಧ್ಯಮ, ದ್ವಿತೀಯ ದರ್ಜೆ, ಅವಿವಾಹಿತ (ಹೆಣ್ಣಿನ ಕಡೆಯವರಿಗೂ ನನಗೂ ಪ್ರಾಸ ಕೂಡಲಿಲ್ಲ), ಈ ದಿನ ತಮ್ಮೆಲ್ಲರ ಸಮ್ಮುಖದಲ್ಲಿ ಒಂದು ದೆವ್ವದ ಸಲುವಾಗಿ ಅಳಲು ತೋಡಿಕೊಳ್ಳಲು ನಿಂತಿದ್ದೇನೆ. ದೆವ್ವಕ್ಕೆ ಕಸುವಿಲ್ಲವಂತೆ. ಹಾಗಂತ ವಿಶ್ವೇಶ ಹೇಳಿದ. ಸಿಟ್ಟು ನೆತ್ತಿಗೇರಿದೆ. ಬಸ್ಸಿನಲ್ಲಿ ರಾಯಚೂರಿನಿಂದ ಗಬ್ಬೂರು ದಾಟುವವರೆಗೂ ಹಲ್ಲು ಕಚ್ಚಿಕೊಂಡೇ ಬಂದೆ. ಪಕ್ಕದಲ್ಲಿ ಕೂತವನು ಹಲ್ಲುನೋವೇನ್ರಿ ಅಂತ ಕೇಳಿದ.

ಸಭಿಕರಿಗೆ ಆಟ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಹೆಸರು ‘ಹೊಸ್ತಿಲು’. ಫೋನಿನಲ್ಲಿ ಆಡುವುದು. ಒಂದು ಹಳೆಯ ವಾಡೆ, ಗೌಡರ ಮನೆಯಷ್ಟು ದೊಡ್ಡದು. ಒಳಗೆ ನಾಲ್ಕು ಮಂದಿ ಸಿಕ್ಕಿಬಿದ್ದಿದ್ದಾರೆ, ಹೊಸ್ತಿಲು ದಾಟಿ ಪಾರಾಗಬೇಕು. ಐದನೆಯವನು ಮುದುಕಿಯ ದೆವ್ವವಾಗಿ ಅವರನ್ನು ದಾಟದಂತೆ ಹಿಡಿಯಬೇಕು. ಒಂದು ಕಡೆ ನಾಲ್ವರು, ಒಂದು ಕಡೆ ಒಬ್ಬಳು. ಒಬ್ಬಳೇ ಇರುವುದಕ್ಕೆ ಆಕೆಗೆ ಮೂರು ಶಕ್ತಿ ಕೊಟ್ಟಿದ್ದೇವೆ: ಮೂಸಿ ಹುಡುಕುವುದು, ಗೋಡೆ ತೂರುವುದು, ಕೂಗು. ಮೊದಲ ಎರಡು ಮಹತಿಯ ಕೈಚಳಕ, ಆಕೆ ಕಂಪ್ಯೂಟರಿನ ಹುಡುಗಿ. ಮೂರನೆಯದು ನನ್ನದು. ಆಟದ ಮಾತನ್ನೆಲ್ಲ ಬರೆಯುವವನು ನಾನು. ಮುದುಕಿ ನನ್ನ ಪ್ರಾಸದಲ್ಲಿ ಕೂಗುತ್ತಾಳೆ:

ಕತ್ತಲ ಕ್ವಾಣ್ಯಾಗ ಕುಂತೀಯೇನ?
ಕತ್ತಿನ ಹಿಂದ ನಾನದೀನ!

ಕೇಳಿದವರ ಕೈ ಅರೆಗಳಿಗೆ ನಡುಗಬೇಕು. ಯಾರದೂ ನಡುಗುತ್ತಿಲ್ಲ.

“ಗದ್ದೆಪ್ಪನವರ, ಬ್ಯಾಸರ ಮಾಡಿಕೋಬ್ಯಾಡ್ರಿ,” ಅಂದ ವಿಶ್ವೇಶ. ಆಟದ ಕಂಪನಿಯ ಮಾಲೀಕ, ನನಗಿಂತ ಹದಿನೈದು ವರ್ಷ ಸಣ್ಣವನು. ಮರ್ಯಾದೆಯಿಂದ ಮಾತಾಡಿಯೇ ಕೊಲ್ಲುತ್ತಾನೆ. “ನೂರು ಆಟದಾಗ ಮೂರೇ ಮೂರು ಸಲ ಕೂಗು ಬಳಸ್ಯಾರ. ಅದರಾಗ ಎರಡು ಸಲ ಕೈತಪ್ಪಿ ಒತ್ಯಾರ.”

“ಮೂರನೇ ಸಲ?”

“ಅದು ನೀವ ಒತ್ತೀರಿ.”

ನವೆಂಬರ್ ಹನ್ನೊಂದರೊಳಗೆ ಕೂಗಿಗೆ ಕಸುವು ತುಂಬಬೇಕು. ಇಲ್ಲದಿದ್ದರೆ ಅದನ್ನು ತೆಗೆದೇ ಬಿಡುತ್ತಾರೆ. ಮುದುಕಿ ಮೂಕಿಯಾದ ಮೇಲೆ ಮಾತು ಬರೆಯುವವನೇಕೆ? ಮೂಕಿ ಆಟಕ್ಕೆ, ಗದ್ದೆಪ್ಪ ಓಟಕ್ಕೆ.

ಇದನ್ನೆಲ್ಲ ಬರೆಯುತ್ತಿರುವುದು ನನ್ನ ತಮ್ಮ ಮಾರೆಪ್ಪನ ಪಾಠಟಿಪ್ಪಣಿ ಪುಸ್ತಕದ ಖಾಲಿ ಹಾಳೆಗಳಲ್ಲಿ. ಮೊದಲ ನಲವತ್ತು ಪುಟ ಅವನ ಅಕ್ಷರ. ಅವನಿಗಿನ್ನು ಬೇಕಾಗಿಲ್ಲ. ಕಾಗದ ದಂಡವಾಗಬಾರದು, ಅಷ್ಟೇ.

ಅಕ್ಟೋಬರ್ 28, ಮಂಗಳವಾರ

ಕೂಗನ್ನು ಮೂರು ಪಟ್ಟು ಜೋರು ಮಾಡಿಸಿದೆ. ರಾಯಚೂರಿನ ನಮ್ಮ ಕಚೇರಿ ಕುಬ್ರಾ ಬೇಗಂ ಅವರ ಮನೆಯ ಮಾಳಿಗೆ ಮೇಲೆ. ಕೆಳಗೆ ಅವರು ಬ್ಲೌಸು ಹೊಲಿಯುತ್ತಾರೆ. ಐದು ನಿಮಿಷಕ್ಕೆ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದರು.

“ಗದ್ದೆಪ್ಪ ಭಾಯ್, ನಿಮ್ಮ ದೆವ್ವಕ್ಕ ಏನಾಗ್ಯದ? ಹಲ್ಲು ಕೀಳಾಕತ್ತೀರೇನು?”

“ಅಂಜಿಕಿ ಬರಲಿಲ್ಲೇನ್ರಿ?”

“ಅಂಜಿಕಿ ಎಲ್ಲೀದು? ತ್ವಾಳು ಸೊಟ್ಟ ಹೊಲದೆ. ಗಿರಾಕಿಗಿ ಅಂಜಿಕಿ ಬರ್ತದ ಈಗ.”

ಮಹತಿ ಬಾಯಿ ಮುಚ್ಚಿಕೊಂಡು ನಕ್ಕಳು. ಅದನ್ನು ಸಹಿಸಿದೆ. ಮಧ್ಯಾಹ್ನ ನಾನು ಬರೆದ ಹೊಸ ಸಾಲುಗಳನ್ನು ವಾಪಸು ಕಳಿಸಿದಳು, ಎರಡು ಸಾಲಿನ ಮೇಲೆ ಕೆಂಪು ಗೆರೆ ಎಳೆದು. “ಸರ್, ಇವು ಭಾಳ ಉದ್ದ ಅದಾವ, ಆಟ ಆಡೋರಿಗಿ ಓದಾಕ ಟೈಮ್ ಇರಂಗಿಲ್ಲ.”

ಅದನ್ನು ಸಹಿಸಲಾಗಲಿಲ್ಲ. ಕುರ್ಚಿ ಹಿಂದಕ್ಕೆ ಬಿತ್ತು. ನನ್ನ ಬರಹದ ಮೇಲೆ ಕೆಂಪು ಗೆರೆ ಎಳೆಯಲು ನೀನ್ಯಾರು, ಯಾವ ಸಾಲಿಯ ಮಾಸ್ತರ ಅಂತ ಕೂಗಾಡಿದೆ. ಕೆಳಗೆ ಹೊಲಿಗೆ ಯಂತ್ರ ನಿಂತಿತು. ಮಹತಿ ಗೆರೆಯನ್ನು ನೀಲಿ ಮಾಡಿಕೊಟ್ಟಳು.

ನೀಲಿ ಗೆರೆಯ ಮೇಲೆ ನನಗೇನೂ ಸಿಟ್ಟು ಬರಲಿಲ್ಲ. ವಿಚಿತ್ರ.

ಅಕ್ಟೋಬರ್ 30, ಗುರುವಾರ

ಸಭಿಕರೇ, ಹೊಳೆಯಿತು. ಹೊಳೆದದ್ದು ಮನೆಯಲ್ಲೇ, ಬುತ್ತಿ ಮರೆತದ್ದರಿಂದ.

ಮುಂಜಾನೆ ಏಳರ ಬಸ್ಸಿಗೆ ಹೊರಟಿದ್ದೆ. ಓಣಿಯ ತಿರುವಿನಲ್ಲಿ ದಾನೇಶ್ವರಿ ಎದುರಿಗೆ ಬಂದು ನಿಂತಳು, ಏದುಸಿರು ಬಿಡುತ್ತಾ. ಕೈಯಲ್ಲಿ ನನ್ನ ಬುತ್ತಿ. ನಾನು ಮರೆತದ್ದನ್ನು ನೋಡಿ ಹಿತ್ತಲ ಸಂದಿಯಿಂದ ಓಡಿ, ಎರಡು ಮನೆ ಸುತ್ತು ಹಾಕಿ, ನನಗಿಂತ ಮುಂದೆ ಹೋಗಿ ತಿರುಗಿ ಎದುರಿಗೆ ಬಂದಿದ್ದಳು. ಬಾಗಿಲಲ್ಲಿ ನಿಂತು ಒಂದು ಮಾತು ಕರೆದಿದ್ದರೆ ಸಾಕಿತ್ತು. ಕರೆಯುವುದಿಲ್ಲ. ನಮ್ಮ ಮನೆಯಲ್ಲಿ ಈಗ ಹೊರಟವರನ್ನು ಯಾರೂ ಹಿಂದಿನಿಂದ ಕರೆಯುವುದಿಲ್ಲ.

ದಾನೇಶ್ವರಿ ಮಾರೆಪ್ಪನ ಹೆಂಡತಿ. ಮಾರೆಪ್ಪ ಗೂಗಲ್ ಅನ್ನುವ ಹಳ್ಳಿಯ ಸಾಲಿಯಲ್ಲಿ ಮಾಸ್ತರನಾಗಿದ್ದ. ಹೋದ ವರ್ಷ ನವೆಂಬರ್ ಹನ್ನೆರಡಕ್ಕೆ ಮುಂಜಾನೆ ಗಾಡಿ ಹತ್ತಿ ಹೊರಟವನನ್ನು ಈಕೆ ಒಳಮನೆಯಿಂದಲೇ ಹಿಂದಿನಿಂದ ಕರೆದಳು, “ಏನ್ರೀ, ಬರೋವಾಗ ಹಸಿ ಶೇಂಗಾ ತರ್ರಿ” ಅಂತ. ಮಾರೆಪ್ಪ ಗಾಡಿ ನಿಲ್ಲಿಸಿದ, ಎಡಗಾಲು ನೆಲಕ್ಕೆ ಊರಿ ತಿರುಗಿ ನೋಡಿದ. ನೋಡಿರಬೇಕು. ನಾನಾಗ ಜಳಕಕ್ಕೆ ಹೋಗಿದ್ದೆ. ಆಮೇಲೆ ಹೋದ. ಊರ ಹೊರಗೆ ಹತ್ತಿ ತುಂಬಿದ ಟ್ರ್ಯಾಕ್ಟರು ಓರೆಯಾಗಿ ಬಂತು, ತಪ್ಪಿಸಲು ಹೋಗಿ ಗಾಡಿ ಜಾರಿತು. ಮೈಮೇಲೆ ಒಂದು ಗೀರಿಲ್ಲ. ಪೆಟ್ಟು ತಲೆಗೊಂದೇ. ಹೆಲ್ಮೆಟ್ಟು ಪಡಸಾಲೆಯ ಗೂಟದಲ್ಲಿತ್ತು, ಬಾಗಿಲ ಹಿಂದೆ, ನೀರಿನ ಕೊಡದ ಮೇಲೆ. ಈಗಲೂ ಅಲ್ಲೇ ಇದೆ. ಯಾರೂ ತೆಗೆದಿಲ್ಲ.

ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಹೊರಟವರು ಒಳಗೆ ಬಂದು, ಕುಳಿತು, ನೀರು ಕುಡಿದು ಮತ್ತೆ ಹೊರಡಬೇಕು. ಅವನು ಬರಲಿಲ್ಲ. ಆವತ್ತಿನಿಂದ ಅವ್ವ ಸೊಸೆಯ ಕಡೆ ನೇರ ನೋಡುವುದಿಲ್ಲ. “ಕರದಳು, ಕಳಕೊಂಡಳು,” ಅನ್ನುತ್ತಾಳೆ ಬಂದವರ ಮುಂದೆ. ಅವ್ವನಿಗೂ ಪ್ರಾಸ ಬರುತ್ತದೆ, ಯಾರಿಂದ ಕಲಿತಳೋ.

ಇರಲಿ. ಹೊಳೆದದ್ದು ಇದು: ಮುದುಕಿ ಚೀರಬಾರದು. ಹೊಸ್ತಿಲಿಗೆ ಕಾಲಿಟ್ಟವನನ್ನು ಹಿಂದಿನಿಂದ ಮೆತ್ತಗೆ ಕೇಳಬೇಕು, “ಎಲ್ಲಿಗೆ ಹೊಂಟಿ?” ಅಷ್ಟೇ. ಅವನು ತಿರುಗಿ ಒಳಬಂದು, ಕುಳಿತು, ನೀರು ಕುಡಿದು ಹೊರಡಬೇಕು. ಆರು ಸೆಕೆಂಡು. ಅಷ್ಟರಲ್ಲಿ ಮುದುಕಿ ಬಂದು ಹಿಡಿಯಬಹುದು. ಕೇಳಿಯೂ ಕೇಳದಂತೆ ಹೋದರೆ ಹೋಗಬಹುದು, ಆದರೆ ಮುಂದೆ ಅವನ ದೀಪ ಆರುತ್ತದೆ.

ಮಹತಿಗೆ ಹೇಳಿದೆ. ಕಣ್ಣರಳಿಸಿ “ಸರ್, ನಮ್ಮನ್ಯಾಗೂ ಹಿಂಗ ಮಾಡ್ತಾರ” ಅಂದಳು. ರಾಯರ ಮಠಕ್ಕೆ ಹೋಗುವ ಮನೆಯಲ್ಲೂ ಇದೇ, ನಮ್ಮ ಓಣಿಯಲ್ಲೂ ಇದೇ. ಇದೊಂದರಲ್ಲಿ ಊರೆಲ್ಲ ಒಂದೇ ಪಂಕ್ತಿ.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಓಣಿಯ ತುದಿಯಲ್ಲಿ ಮೈಕು. ಯಾರೋ ಹುಡುಗಿ ಪದ್ಯ ಹೇಳುತ್ತಿದ್ದಾಳೆ, ಎರಡನೇ ಸಾಲಿಗೆ ನಾಲಿಗೆ ತೊಡರುತ್ತಿದೆ. ಕಿಟಕಿ ಹಾಕಿದೆ.

ಮಕ್ಕಳಿಗೆ ಪದ್ಯ ಬರೆಯುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾರಿಸಬೇಕು. ನಾನೂ ಬರೆದಿದ್ದೆ ಹೋದ ವರ್ಷ, ಗೂಗಲ್ ಸಾಲಿಯ ಮಕ್ಕಳ ದಿನಾಚರಣೆಗೆ, ಮಾರೆಪ್ಪ ಕೇಳಿದ್ದಕ್ಕೆ:

ಮುಂಜಾನಿ ಬಿಸಿಲು ಮೂಡ್ಯದ
ಸಾಲಿಯ ಗಂಟಿ ಕೂಗ್ಯದ
ಜ್ಞಾನದ ಜ್ಯೋತಿ ಪ್ರಜ್ವಲಿಸಿ
ಅಜ್ಞಾನ ತಿಮಿರವ ವಿಚಲಿಸಿ

ಕೊನೆಯ ಎರಡು ಸಾಲಿನ ಮೇಲೆ ಕೆಂಪು ಪೆನ್ನಿನ ಗೆರೆ ಎಳೆದ. “ಅಣ್ಣ, ಹುಡುಗರ ಬಾಯಿ ತಿರಗಂಗಿಲ್ಲೋ” ಅಂದ. ಕೆಳಗೆ ತಾನೇ ಬರೆದ, ‘ಹಸಿದರ ಬಿಸಿಯೂಟ ಕಾದದ’ ಅಂತ. ಮೂರು ಸಲ ಶಿಕ್ಷಕರ ಪರೀಕ್ಷೆ ಬರೆದು ವಯಸ್ಸು ಮೀರಿಸಿಕೊಂಡವನು ನಾನು, ಮೊದಲ ಸಲಕ್ಕೇ ಪಾಸಾದವನು ಅವನು. ಆ ಕೆಂಪು ಪೆನ್ನು ಸರಕಾರ ಕೊಟ್ಟದ್ದು.

ಅವನ ಸಾಲು ನನ್ನದಕ್ಕಿಂತ ಚಲೋ ಇತ್ತು. ಅದೇ ಸಿಟ್ಟು.

ನವೆಂಬರ್ 4, ಮಂಗಳವಾರ

ಗೆದ್ದೆ, ಸಭಿಕರೇ, ಗೆದ್ದೆ! ಚಪ್ಪಾಳೆ ತಟ್ಟಬಹುದು.

ಕಾಲೇಜಿನ ಐದು ಹುಡುಗ ಹುಡುಗಿಯರನ್ನು ಕರೆಸಿ ಆಡಿಸಿದೆವು. ಮೊದಲನೆಯವನು ಹೊಸ್ತಿಲಿಗೆ ಕಾಲಿಟ್ಟ. ಮುದುಕಿ ಹಿಂದಿನಿಂದ “ಎಲ್ಲಿಗೆ ಹೊಂಟಿ?” ಅಂದಳು, ಮೆತ್ತಗೆ, ಮನೆಯವರು ಕೇಳಿದ ಹಾಗೆ. ಹುಡುಗ ಫೋನನ್ನೇ ತೊಡೆಯ ಮೇಲೆ ಕೆಡವಿದ. “ಯವ್ವಾ, ಕರದಳಲೇ! ಯಾಕ ಕರದಳು!” ಅಂತ ಒದರಿದ. ಮುಂದೆ ಹೋಗಲು ಬಿಡುವಿದ್ದರೂ ಹೋಗಲಿಲ್ಲ. ತಿರುಗಿ ಬಂದು ಕುಳಿತು ನೀರು ಕುಡಿದ. ಪಾರಾಗಬೇಕಾದ ನಾಲ್ವರೂ ಕುಡಿದರು. ವಿಶ್ವೇಶ ನನ್ನ ಕೈ ಕುಲುಕಿದ. ಮಹತಿ ಮಾತ್ರ ಹಣೆ ಗಂಟಿಕ್ಕಿದ್ದಳು. “ಹತ್ತು ಸಲ ಆಡಿದ ಮ್ಯಾಲ ಇದೂ ರೂಢಿ ಆಗ್ತದ, ಸರ್. ಅಂಜಿಕಿ ಹೋಗ್ತದ, ತ್ರಾಸು ಉಳೀತದ.” ಹೊಟ್ಟೆಕಿಚ್ಚು ಅಂದುಕೊಂಡೆ.

ಮನೆಗೆ ಬಂದ ಹುರುಪಿನಲ್ಲಿ ಫೋನನ್ನು ದಾನೇಶ್ವರಿಯ ಕೈಗೆ ಕೊಟ್ಟೆ. ಎಂದೂ ಕೊಟ್ಟವನಲ್ಲ. ಆಕೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಹೇಗೆ ಒತ್ತಬೇಕು ಅಂತ ಕೇಳಿ ತಿಳಿದುಕೊಂಡು, ಪಡಸಾಲೆಯಲ್ಲಿ ಕುಳಿತು ಆಡಿದಳು. ಚಲೋನೇ ಆಡಿದಳು. ಹೊಸ್ತಿಲವರೆಗೂ ಹೋದಳು.

“ಎಲ್ಲಿಗೆ ಹೊಂಟಿ?”

ಫೋನನ್ನು ಕೆಳಗಿಟ್ಟಳು. ಮುದುಕಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು, ನನ್ನ ಕಡೆ ನೋಡದೆ:

“ಭಾವಾರ, ಕರದಾಕಿನ್ನ ದೆವ್ವ ಮಾಡೀರಿ.”

ಎದ್ದು ರೊಟ್ಟಿ ಬಡಿಯಲು ಹೋದಳು. ಬಡಿತದ ಸದ್ದು ಕೇಳುತ್ತಾ ಕುಳಿತೆ. ಒಂದು ರೊಟ್ಟಿಗೆ ಅಷ್ಟು ಬಡಿತ ಬೇಕಾಗುವುದಿಲ್ಲ.

ನವೆಂಬರ್ 5, ಬುಧವಾರ

ಆಟ ಅಂದರೆ ಆಟ. ಮನೆಯವರ ಮೈಮೇಲೆ ಎಳೆದುಕೊಳ್ಳಲು ನಾನೇನು ಅವಳ ಹೆಸರು ಹಾಕಿದ್ದೇನೆಯೇ? ಹಿಂದಿನಿಂದ ಕರೆದವಳು ಅವಳು. ನಾನಲ್ಲ. ನಾನು ಜಳಕಕ್ಕೆ ಹೋಗಿದ್ದೆ. ಸಿಟ್ಟು, ಸಿಟ್ಟು, ಸಿಟ್ಟು.

ಪ್ರಾಸ ಬರುತ್ತಿಲ್ಲ.

ನವೆಂಬರ್ 7, ಶುಕ್ರವಾರ

ಅವ್ವ ತೀರ್ಮಾನ ಮಾಡಿದ್ದಾಳೆ. ಹನ್ನೆರಡಕ್ಕೆ ಮಾರೆಪ್ಪನ ವರ್ಷದ ಎಡೆ. ಅದು ಮುಗಿದ ಮೇಲೆ ದಾನೇಶ್ವರಿಯನ್ನು ಮಾನ್ವಿ ಕಡೆ ಕುರ್ಡಿಗೆ, ಅವಳ ತವರಿಗೆ, ಕಳಿಸಿಬಿಡುವುದು. ಪೂರಾ. ಅವಳ ಅಣ್ಣ ತಿರುಪತಿಗೆ ಫೋನು ಮಾಡಿಯೂ ಆಗಿದೆ.

“ಯವ್ವಾ, ಆಕಿ ಏನು ತಪ್ಪು ಮಾಡ್ಯಾಳ?”

“ಏನು ಮಾಡ್ಯಾಳ ಅಂತ ಕೇಳ್ತೀಯೇನು ಯಪ್ಪಾ? ಆಕಿನ್ನ ನೋಡಿದಾಗೆಲ್ಲ ಆ ಕರದ ದನಿ ಕಿವ್ಯಾಗ ಬರ್ತದ ನನಗ. ಒಲಿ ಮುಂದ ಕುಂತಿದ್ದೆ, ಕೇಳ್ಸಿತು. ‘ಏನ್ರೀ’ ಅಂದಳು. ನನ್ನ ಮಗ ಹೋದ.” ಅವ್ವ ಸೀರೆಯ ಸೆರಗಿನಿಂದ ಬಾಯಿ ಒತ್ತಿಕೊಂಡಳು. “ನೀನರ ಅಲ್ಲಿದ್ದಿದ್ದರ, ಒಳಗ ಬಾ ನೀರು ಕುಡಿ ಅಂತಿದ್ದಿ. ನಿನ್ನ ಮಾತು ಕೇಳ್ತಿದ್ದ ಅಂವ.”

ನಾನು ತಾಟಿನಲ್ಲಿ ಕೈ ತೊಳೆದುಬಿಟ್ಟೆ. ರೊಟ್ಟಿ ಅರ್ಧ ಉಳಿದಿತ್ತು. ಅವ್ವನ ಮೇಲೆ ಸಿಟ್ಟು ಬಂತು. ಅಡುಗೆಮನೆಯಲ್ಲಿ ದಾನೇಶ್ವರಿ ಎಲ್ಲ ಕೇಳಿಸಿಕೊಂಡಿದ್ದಳು. ಪಾತ್ರೆಯ ಸದ್ದಿಲ್ಲ, ನೀರಿನ ಸದ್ದಿಲ್ಲ.

ಎಲ್ಲರೂ ಸೇರಿ ಒಬ್ಬಳನ್ನು ಅಟ್ಟುವ ಆಟ. ನಮ್ಮ ಮನೆಯಲ್ಲಿ ಒಂದು ಕಡೆ ಎಷ್ಟು ಮಂದಿ ಅಂತ ಎಣಿಸಿದೆ. ಅವ್ವ, ನೆಂಟರು, ಓಣಿ. ನನ್ನನ್ನು ಎಣಿಸಿಕೊಳ್ಳಲಿಲ್ಲ.

ನವೆಂಬರ್ 8, ಶನಿವಾರ

ಕೂಗನ್ನು ಕಿತ್ತುಹಾಕಿ ಅಂತ ನಾನೇ ಹೇಳಿದೆ. ವಿಶ್ವೇಶ ಬೆಪ್ಪಾದ. “ಗದ್ದೆಪ್ಪನವರ, ಈಗರ ಬಿಸಿ ಏರ್ಯದ, ಈಗ ಬ್ಯಾಡ ಅಂತೀರಿ?”

“ಕರದಾಕಿ ದೆವ್ವ ಅಲ್ಲ,” ಅಂದೆ. ನನ್ನ ದನಿ ನನಗೇ ಹೊಸದು. “ಕರಿಯೋದು ಮನಿಷಾರು. ಮನಿಷಾರು ಮನಿಷಾರನ್ನ ಕರೀತಾರ.”

ಮಹತಿ ಕುರ್ಚಿ ತಿರುಗಿಸಿ ಕುಳಿತಳು. “ಹಂಗಾರ ಮುದುಕಿ ಏನು ಮಾಡ್ತಾಳ, ಸರ್?”

ಮುದುಕಿ ಏನೂ ಮಾಡುವುದಿಲ್ಲ. ಹೊರಟವನ ಹಿಂದೆ ಸುಮ್ಮನೆ ನಿಲ್ಲುತ್ತಾಳೆ. ಹೊರಟವನಿಗೆ ಕಾಣುವುದಿಲ್ಲ. ಅವನ ಜೊತೆಗಾರರಿಗೆ ಮಾತ್ರ ಕಾಣುತ್ತದೆ. ಕಂಡವನು ಅವನನ್ನು ಹಿಂದಿನಿಂದ ಕರೆಯಬಹುದು. ಕರೆದರೆ ಅವನು ಆರು ಸೆಕೆಂಡಿನೊಳಗೆ ತಿರುಗಿ ಬಂದು ನೀರು ಕುಡಿದು ಉಳಿದುಕೊಳ್ಳುತ್ತಾನೆ, ಆದರೆ ಕರೆದವನು ಎಲ್ಲಿ ಅಡಗಿದ್ದಾನೆಂದು ಮುದುಕಿಗೆ ಗೊತ್ತಾಗುತ್ತದೆ. ಕರೆಯದಿದ್ದರೆ ಕರೆಯದವನಿಗೆ ಏನೂ ಆಗುವುದಿಲ್ಲ. ಹೊಸ್ತಿಲು ಹೊರಟವನನ್ನು ನುಂಗುತ್ತದೆ.

ಇದನ್ನು ಒಂದೇ ಉಸಿರಿಗೆ ಹೇಳಿದೆ.

“ಸರ್,” ಅಂದಳು ಮಹತಿ, “ಇದರಾಗ ಅಂಜಿಕಿ ಹೊಂಟಾವಗ ಅಲ್ಲ. ಕಂಡಾವಗ.”

“ಹೂಂ.”

“ಇದು ಹತ್ತು ಸಲ ಆಡಿದರೂ ರೂಢಿ ಆಗಂಗಿಲ್ಲ.”

“ಒಂದು ವರ್ಷ ಆಡಿದರೂ ಆಗಂಗಿಲ್ಲ,” ಅಂದೆ. ಯಾಕೆ ಹಾಗಂದೆನೋ. ಮಹತಿ ನನ್ನ ಮುಖ ನೋಡಿದಳು. ನಾನು ಚಹಾ ತರುವ ನೆಪ ಮಾಡಿ ಕೆಳಗಿಳಿದೆ.

ನವೆಂಬರ್ 10, ಸೋಮವಾರ

ಮಹತಿ ಭಾನುವಾರವೂ ಕುಳಿತು ಕಟ್ಟಿಬಿಟ್ಟಿದ್ದಳು. ಅದೇ ಐವರು ಬಂದರು. ಮಾಳಿಗೆ ತುಂಬ ಒದರಾಟ. “ಹಿಂದ ನಿಂತಾಳಲೇ! ಯಾರರ ಕರೀರಿ!” “ನೀ ಕರಿ!” “ನೀ ಸನೇಕ ಅದಿ, ನೀ ಕರಿ!” ಕೆಳಗಿನಿಂದ ಕುಬ್ರಾ ಬೇಗಂ ಕೂಡ ಬಂದು ಬಾಗಿಲಲ್ಲಿ ನಿಂತು “ಅಯ್ಯೋ ಕರೀ ಬೇಟಾ, ಕರೀ” ಅನ್ನುತ್ತಿದ್ದರು, ಕೈಯಲ್ಲಿ ಕತ್ತರಿ ಮರೆತು.

ನಾಲ್ಕನೇ ಆಟ. ಒಬ್ಬ ಹುಡುಗ ಹೊರಟ. ಮುದುಕಿ ಹಿಂದೆ ನಿಂತಳು. ಒಬ್ಬ ಹುಡುಗಿ ಧೈರ್ಯ ಮಾಡಿ ಕರೆದಳು. ಹುಡುಗ ತಿರುಗಿ ನೀರು ಕುಡಿಯಲು ಬಂದ. ಬಾಗಿಲಲ್ಲಿ ಅವನ ಗೆಳೆಯನ ಗೊಂಬೆ ನಿಂತಿತ್ತು. ಅಡ್ಡ. ಇವನು ಒತ್ತುತ್ತಾನೆ, ಒಳಗೆ ಬರಲಾಗುತ್ತಿಲ್ಲ.

“ಸರಿಯಲೇ.”

“ಸರಿಯಂಗಿಲ್ಲ. ನನ್ನ ಬುತ್ತ್ಯಾಗಿನ ಮಂಡಕ್ಕಿ ಯಾರು ತಿಂದರು, ಹೇಳ್ ಮೊದಲ.”

“ಲೇ, ನೀರು ಕುಡೀಬೇಕಲೇ ನಾ, ಬಾಗಲಾ ಬಿಡು!”

“ಹೋಗು, ಹಂಗ ಹೋಗು.”

ನಗುತ್ತಿದ್ದರು ಇಬ್ಬರೂ. ನಾಲ್ಕು, ಐದು, ಆರು. ಹೊಸ್ತಿಲು ನುಂಗಿತು.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಆ ಹುಡುಗನ ಅಂಗಿಯ ಕಾಲರು ನನ್ನ ಕೈಯಲ್ಲಿತ್ತು. “ಸರಿಯಲೇ! ಬಾಗಲಾ ಬಿಡಲೇ! ತಿರುಗಿ ಬಂದಾನಲ್ಲಲೇ ಅಂವ!” ಇಷ್ಟು ಜೋರು ಮುದುಕಿಯೂ ಎಂದೂ ಕೂಗಿರಲಿಲ್ಲ. ಹುಡುಗನ ಕಣ್ಣಲ್ಲಿ ನೀರು ಬಂತು. ವಿಶ್ವೇಶ ನನ್ನ ಬೆರಳು ಒಂದೊಂದಾಗಿ ಬಿಡಿಸಿದ.

ಎಲ್ಲರೂ ಹೋದ ಮೇಲೆ ಮಹತಿ ಮೆತ್ತಗೆ ಅಂದಳು, “ಸರ್, ಅದು ನನ್ನದ ತಪ್ಪು. ಬಾಗಿಲದಾಗ ನಿಂತವರನ್ನ ದಾಟಿ ಬರಂಗ ಇಡಬೇಕಿತ್ತು. ಈಗ ಸರಿ ಮಾಡ್ತೀನಿ.”

“ಮಾಡು,” ಅಂದ ವಿಶ್ವೇಶ. “ಯಾರರ ತಮ್ಮವರಿಗೇ ಬಾಗಿಲಾ ಬಿಡದಂಗ ನಿಂದರ್ತಾರೇನು?”

“ಇರಲಿ,” ಅಂದೆ. “ತೆಗೀಬ್ಯಾಡ. ನಿಂದರ್ತಾರ.”

ನವೆಂಬರ್ 11, ಮಂಗಳವಾರ

ಕೂಗು ಉಳಿಯಿತು, ಮುದುಕಿಯ ಬಾಯಿಂದ ಜೊತೆಗಾರರ ಬಾಯಿಗೆ ಬಂದು. ನಾನೂ ಉಳಿದೆ. ವಿಶ್ವೇಶ ಪೇಡೆ ತರಿಸಿದ. ಆ ಹುಡುಗನ ಕಾಲೇಜಿಗೆ ಹೋಗಿ ಕ್ಷಮೆ ಕೇಳಿದೆ. “ಇರಲಿ ಬಿಡ್ರಿ ಸರ್, ಆಟ ಭಾಳ ಚಲೋ ಅದ” ಅಂದ.

ನಾಳೆ ತಿರುಪತಿ ಬರುತ್ತಾನೆ. ದಾನೇಶ್ವರಿ ಚೀಲ ಕಟ್ಟಿ ಪಡಸಾಲೆಯಲ್ಲಿಟ್ಟಿದ್ದಾಳೆ, ಗೂಟದ ಕೆಳಗೆ. ಹೆಲ್ಮೆಟ್ಟಿನ ಧೂಳು ಒರೆಸಿದ್ದಾಳೆ.

ಯಾರ ಮೇಲೂ ಸಿಟ್ಟು ಬರುತ್ತಿಲ್ಲ. ಹುಡುಕಿದೆ. ಯಾರೂ ಸಿಗಲಿಲ್ಲ, ಒಬ್ಬನ ಹೊರತು.

ನವೆಂಬರ್ 12, ಬುಧವಾರ

ಎಡೆ ಆಯಿತು. ಹೋಳಿಗೆ, ಬದನೆಕಾಯಿ, ಅವನಿಗೆ ಪ್ರೀತಿಯ ಹಸಿ ಶೇಂಗಾ. ಶೇಂಗಾ ಇಟ್ಟವಳು ದಾನೇಶ್ವರಿ. ಅವ್ವ ತಾಟನ್ನು ಬೇರೆ ಕಡೆ ಸರಿಸಿದಳು. ನೆಂಟರು ನೋಡಿದರು.

ಉಂಡ ಮೇಲೆ ತಿರುಪತಿ ಚೀಲ ಎತ್ತಿಕೊಂಡ. ದಾನೇಶ್ವರಿ ಅವ್ವನ ಕಾಲು ಮುಟ್ಟಿದಳು. ಹೋಗಿ ಬರ್ತೀನಿ ಅನ್ನಲಿಲ್ಲ, ಬರುವುದಿಲ್ಲವಲ್ಲ. ಅಂಗಳ ದಾಟಿದಳು, ಗೇಟಿಗೆ ಕೈ ಹಾಕಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಬೆನ್ನಿಗೆ ಹೆಲ್ಮೆಟ್ಟು ತಾಗುತ್ತಿತ್ತು.

“ದಾನೇಶ್ವರಿ!”

ಅವ್ವ ಎದೆ ಬಡಿದುಕೊಂಡಳು. “ಲೇ ಗದ್ದೆಪ್ಪ! ಹಿಂದಿಂದ ಕರದೇನಲೇ!”

“ಕರದೆ. ದಾನೇಶ್ವರಿ, ಒಳಗ ಬಾ ಯವ್ವಾ. ಕೂಡು. ನೀರು ಕುಡಿ.”

ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತೆ. ಆಕೆ ಬಹಳ ಹೊತ್ತು ನನ್ನನ್ನಲ್ಲ, ಖಾಲಿಯಾದ ಬಾಗಿಲನ್ನು ನೋಡಿದಳು. ಆಮೇಲೆ ಬಂದಳು. ಕುಳಿತಳು. ಕೊಡದಿಂದ ನೀರು ತುಂಬಿ ಕೊಟ್ಟೆ. ಆಕೆ ಕುಡಿಯುತ್ತಿರುವಾಗಲೇ ಎಲ್ಲರ ಮುಂದೆ ಹೇಳಿದೆ. ನಾನು ಜಳಕಕ್ಕೆ ಹೋಗಿರಲಿಲ್ಲ ಅಂತ ಶುರು ಮಾಡಿದೆ.

ದಾನೇಶ್ವರಿ ಒಂದೇ ಮಾತು ಕೇಳಿದಳು.

“ನಾ ಕರದದ್ದಕ್ಕ ತಿರುಗಿ ಬಂದಿದ್ರೇನು, ಭಾವಾರ?”

“ಹೌದವ್ವ. ಬಂದಿದ್ದ.”

ಈಗ ಸಂಜೆ ಐದು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ನನ್ನನ್ನು ಒಳಗೆ ಬರಬೇಡ ಅಂದಿದ್ದಾಳೆ. ತಿರುಪತಿ ಒಬ್ಬನೇ ಮಾನ್ವಿ ಬಸ್ಸು ಹತ್ತಿದ. ದಾನೇಶ್ವರಿಯ ಚೀಲ ಅಂಗಳದಲ್ಲೇ ಇದೆ, ಒಳಗೂ ತಂದಿಲ್ಲ, ಹೊರಗೂ ಒಯ್ದಿಲ್ಲ. ನಾನು ಕಟ್ಟೆಯ ಮೇಲೆ ಕುಳಿತು ಬರ್ಕೊಳ್ಳಾಕತ್ತೀನಿ.

ಸಭಿಕರು ಯಾರೂ ಇಲ್ಲ. ಎಂದೂ ಇರಲಿಲ್ಲ. ಇಷ್ಟು ದಿನ ಎದುರಿಗೆ ಕೂಡಿಸಿಕೊಂಡದ್ದು ನಿನ್ನೊಬ್ಬನನ್ನ, ಮಾರೆಪ್ಪಾ, ನಿನ್ನ ಪುಸ್ತಕದಾಗ.

ಆಕಿ ಕರದ ಕೂಡ್ಲೆ ನೀ ಗಾಡಿ ನಿಲ್ಲಿಸಿ ಇಳದು ಬಂದಿ. ಬಾಗಲದ ಪಾವಟಿಗಿ ಹತ್ತಿದಿ. “ಅಣ್ಣ, ಒಂದೀಟು ಸರಿ, ನೀರು ಕುಡದು ಹೋಗ್ತೀನಿ” ಅಂದಿ. ನನ್ನ ಕೈಯಾಗ ನೀ ಕೆಂಪು ಗೆರಿ ಹೊಡದ ಹಾಳಿ ಇತ್ತು. ಹೆಲ್ಮೆಟ್ ನನ್ನ ಬೆನ್ನಿಗಿ ಒತ್ತಾಕತ್ತಿತ್ತು. ನನಗ ಗೊತ್ತಿತ್ತು ಅದು ಅಲ್ಲಿ ಅದ ಅಂತ.

ನಾ ಸರೀಲಿಲ್ಲ.